ಹೆಸರಿದ್ದವನೋ, ಕಸುವಿದ್ದವನೋ?

ಘಾನಾದ ಚಾರ್ಲ್ಸ್ ಅಡಾಮು ಎಂಬ ಬಾಕ್ಸರ್‌ನ ಹೆಸರು ಈ ಆಟವನ್ನು ಹಿಂಬಾಲಿಸುವವರಿಗೂ ಥಟ್ಟನೆ ನೆನಪಾಗಲಾರದು. 2004ರಲ್ಲಿ ಆತ ಕಾಮನ್‌ವೆಲ್ತ್ ಸೂಪರ್ ಮಿಡ್ಲ್‌ವೇಟ್ ಚಾಂಪಿಯನ್, ಮೈಯಲ್ಲಿ ಕಸುವಿದ್ದ ವಯಸ್ಸು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಆಗಷ್ಟೇ ಮೇಲೇರುತ್ತಿದ್ದ ಕಾರ್ಲ್ ಫ್ರಾಚ್ ಅವನೆದುರು ಹನ್ನೆರಡು ಸುತ್ತು ಬೆವರು ಹರಿಸಿ, ಅಂಕಗಳ ಮೇಲೆ ಪಟ್ಟ ಕಿತ್ತುಕೊಂಡ. ಮುಂದೆ ಫ್ರಾಚ್ ವಿಶ್ವ ಚಾಂಪಿಯನ್ ಆದ. ಹದಿನೈದು ವರ್ಷ ಕಳೆದು, 2019ರ ನವೆಂಬರ್‌ನಲ್ಲಿ ಅದೇ ಅಡಾಮು ದುಬೈನ ರಿಂಗಿನಲ್ಲಿ ನಮ್ಮ ವಿಜೇಂದರ್ ಸಿಂಗ್ ಎದುರು ನಿಂತಿದ್ದ. ಆಗ ಅವನಿಗೆ 42. ವಿಜೇಂದರ್ ಆರಾಮವಾಗಿ ಗೆದ್ದ, ಸೋಲರಿಯದ ದಾಖಲೆ 12 ಗೆಲುವಿಗೆ ಏರಿತು. ಕಾಗದದ ಮೇಲೆ ಎರಡೂ ಒಂದೇ ಮನುಷ್ಯನ ಮೇಲಿನ ಗೆಲುವುಗಳು. ರಿಂಗಿನೊಳಗೆ ಮಾತ್ರ ಇಬ್ಬರು ಬೇರೆ ಬೇರೆ ಅಡಾಮುಗಳಿದ್ದರು.

ಬೆಳೆಯುತ್ತಿರುವ ಬಾಕ್ಸರ್‌ಗೆ ಎಂಥ ಎದುರಾಳಿಯನ್ನು ಕೊಡಬೇಕು ಎಂಬ ಚರ್ಚೆ ಈ ಆಟದಷ್ಟೇ ಹಳೆಯದು. ಹೆಸರು ಮಾಡಿ ಮಾಸಿಹೋದ ಹಿರಿಯನನ್ನೋ? ಸದ್ಯ ತುತ್ತತುದಿಯಲ್ಲಿರುವವನನ್ನೋ? ಟೆನಿಸ್‌ನಲ್ಲಿ, ಬ್ಯಾಡ್ಮಿಂಟನ್‌ನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಡ್ರಾ ತೆಗೆದಾಗ ಯಾರು ಬಂದರೋ ಅವರೊಡನೆ ಆಡಬೇಕು. ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲೂ ಅಷ್ಟೇ. ವೃತ್ತಿಪರ ಬಾಕ್ಸಿಂಗ್ ಮಾತ್ರ ಎದುರಾಳಿಯನ್ನು ಆರಿಸಿಕೊಳ್ಳುವ ಆಟ. ಆರಿಸುವವನು ಬಾಕ್ಸರ್ ಕೂಡ ಅಲ್ಲ, ಅವನ ಮೇಲೆ ದುಡ್ಡು ಹಾಕಿದ ಪ್ರೊಮೋಟರ್ ಮತ್ತು ಅವನ ಮ್ಯಾಚ್‌ಮೇಕರ್. ಮೈಸೂರು ದಸರಾ ಕುಸ್ತಿಗೆ ಮುನ್ನ ಜೋಡಿ ಕಟ್ಟುವುದನ್ನು ಕಂಡವರಿಗೆ ಈ ಕೆಲಸದ ಸೂಕ್ಷ್ಮ ಗೊತ್ತು. ಅಲ್ಲಿ ಪೈಲ್ವಾನರ ತೂಕ, ವಯಸ್ಸು, ಅನುಭವ ನೋಡಿ ಎಲ್ಲರ ಕಣ್ಣೆದುರೇ ಜೋಡಿ ಕಟ್ಟುತ್ತಾರೆ. ಬಾಕ್ಸಿಂಗ್‌ನ ಜೋಡಿ ಮುಚ್ಚಿದ ಬಾಗಿಲ ಹಿಂದೆ ಆಗುತ್ತದೆ. ಒಂದು ಕಡೆಯವರು ಹಣ ಕೊಡುತ್ತಾರೆ, ಇನ್ನೊಂದು ಕಡೆಯವರು ತೆಗೆದುಕೊಳ್ಳುತ್ತಾರೆ. ಗೆಲ್ಲಬೇಕಾದವನು ಯಾರು ಎಂಬುದು ಇಬ್ಬರಿಗೂ ಗೊತ್ತಿರುತ್ತದೆ.

ಈ ಲೆಕ್ಕಾಚಾರದ ಮೂಲ ಸೋಲಿನ ಅಂಕಣದಲ್ಲಿರುವ ಸೊನ್ನೆ. ಟಿವಿ ಚಾನೆಲ್ಲಿಗೆ, ಪೋಸ್ಟರಿಗೆ, ಜೂಜುಕಟ್ಟೆಗೆ ಬೇಕಾದದ್ದು '20 ಗೆಲುವು, ಸೋಲಿಲ್ಲ' ಎಂಬ ಸಾಲು. ಆ ಸೊನ್ನೆಯನ್ನು ಕಾಪಾಡಿಕೊಂಡೇ ದೊಡ್ಡ ಹೆಸರೊಂದನ್ನು ಮಣಿಸಿದಂತೆ ಕಾಣಬೇಕೆಂದರೆ ಅಗ್ಗದ ದಾರಿ ಒಂದೇ: ಹೆಸರು ಉಳಿದು ಶಕ್ತಿ ಹೋದವನನ್ನು ಕರೆತರುವುದು.

1951ರ ಅಕ್ಟೋಬರ್ 26ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರಾಕಿ ಮಾರ್ಸಿಯಾನೊಗೆ ಜೋ ಲೂಯಿಸ್ ಸಿಕ್ಕಿದ್ದು ಹೀಗೆ. 1937ರಿಂದ 1949ರವರೆಗೆ ಹೆವಿವೇಟ್ ಪಟ್ಟ ಇಟ್ಟುಕೊಂಡು 25 ಬಾರಿ ಅದನ್ನು ಕಾಪಾಡಿಕೊಂಡ ಲೂಯಿಸ್ ಮರ್ಯಾದೆಯಿಂದ ನಿವೃತ್ತನಾಗಿದ್ದ. ಅವನನ್ನು ರಿಂಗಿಗೆ ಮರಳಿ ಎಳೆದದ್ದು ತೆರಿಗೆ ಇಲಾಖೆಯ ಬಾಕಿ. 37ರ ಲೂಯಿಸ್‌ನ ಎಡಗೈ ಜ್ಯಾಬ್ ಇನ್ನೂ ಚೆನ್ನಾಗಿತ್ತು, ಬಲಗೈ ಮಾತ್ರ ಮೊದಲಿನಂತೆ ಏಳುತ್ತಿರಲಿಲ್ಲ. ಎಂಟನೇ ಸುತ್ತಿನಲ್ಲಿ ಮಾರ್ಸಿಯಾನೊನ ಗುದ್ದಿಗೆ ಆತ ಹಗ್ಗಗಳ ನಡುವಿನಿಂದ ಹೊರಕ್ಕೆ ಬಿದ್ದ. ಬಾಲ್ಯದ ಆರಾಧ್ಯದೈವವನ್ನು ಕೆಡವಿದ ಮಾರ್ಸಿಯಾನೊ ಪಂದ್ಯದ ನಂತರ ಅತ್ತನೆಂಬುದು ಪ್ರಸಿದ್ಧ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಜರ್ಸಿ ಜೋ ವಾಲ್ಕಾಟ್‌ನನ್ನು ಹದಿಮೂರನೇ ಸುತ್ತಿನಲ್ಲಿ ಉರುಳಿಸಿ ಚಾಂಪಿಯನ್ ಆದ. ಅವನನ್ನು ಅಲ್ಲಿಗೆ ಮುಟ್ಟಿಸಿದ ಪ್ರಚಾರದಲ್ಲಿ ಲೂಯಿಸ್ ಗೆಲುವಿನ ಪಾಲು ದೊಡ್ಡದು. ಆದರೆ ವಾಲ್ಕಾಟ್ ಎದುರು ಮೊದಲ ಸುತ್ತಿನಲ್ಲೇ ನೆಲ ಕಂಡು, ಅಂಕಗಳಲ್ಲಿ ಹಿಂದೆ ಬಿದ್ದು, ಒಂದೇ ಬಲಗೈ ಗುದ್ದಿನಿಂದ ಪಂದ್ಯ ತಿರುಗಿಸಿದಾಗ ಅವನಿಗೆ ಒದಗಿದ್ದು ಲೂಯಿಸ್ ಕಲಿಸಿದ ಪಾಠವೇನಲ್ಲ.

'ಮಾಸಿದವನು' ಎಂದರೆ ವಯಸ್ಸಾದವನು ಎಂದೇ ಅರ್ಥವಾಗಬೇಕಿಲ್ಲ. 1943ರಲ್ಲಿ 22ರ ಶುಗರ್ ರೇ ರಾಬಿನ್ಸನ್ ಎದುರು ನಿಂತ ಹೆನ್ರಿ ಆರ್ಮ್‌ಸ್ಟ್ರಾಂಗ್‌ಗೆ ಬರೀ 30 ವರ್ಷ. ಇಡೀ ಬಾಕ್ಸಿಂಗ್‌ನಲ್ಲಿ ಎಂಟೇ ತೂಕ ವಿಭಾಗಗಳಿದ್ದ ಕಾಲದಲ್ಲಿ ಮೂರು ಪಟ್ಟಗಳನ್ನು ಒಟ್ಟಿಗೆ ಧರಿಸಿದ್ದ ಭೂಪ ಆತ. ನೂರೈವತ್ತಕ್ಕೂ ಹೆಚ್ಚು ಕಾದಾಟಗಳು ಮೂವತ್ತಕ್ಕೇ ಅವನನ್ನು ಮುದುಕನನ್ನಾಗಿಸಿದ್ದವು. ರಾಬಿನ್ಸನ್ ಹತ್ತು ಸುತ್ತೂ ಕೈ ಹಿಡಿದು ಹೊಡೆದ, ತನ್ನ ಆದರ್ಶಪುರುಷನನ್ನು ಬೀಳಿಸಲು ಮನಸ್ಸು ಬಾರದೆ ಪಂದ್ಯ ಮುಗಿಸಿಕೊಂಡು ಹೋದ ಎಂದು ಬಾಕ್ಸಿಂಗ್ ಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಒಬ್ಬ ನೋಯಿಸಲು ಒಲ್ಲ, ಇನ್ನೊಬ್ಬ ನೋಯಿಸಲಾರ. ಟಿಕೆಟ್ ಕೊಂಡವರಿಗೆ ಸಿಕ್ಕಿದ್ದೇನು?

ಈ ವಿಷಯದ ಎಲ್ಲ ಮುಖಗಳನ್ನೂ ಒಬ್ಬನೇ ಮನುಷ್ಯನಲ್ಲಿ ನೋಡಬೇಕೆಂದರೆ ಲ್ಯಾರಿ ಹೋಮ್ಸ್‌ನನ್ನು ನೋಡಬೇಕು. ಎಪ್ಪತ್ತರ ದಶಕದ ಆರಂಭದಲ್ಲಿ ಆತ ಮುಹಮ್ಮದ್ ಅಲಿಯ ಅಭ್ಯಾಸದ ಜೊತೆಗಾರ. ದಿನಾ ಅಲಿಯ ಜ್ಯಾಬ್ ತಿಂದು ತನ್ನದೊಂದು ಜ್ಯಾಬ್ ಕಟ್ಟಿಕೊಂಡ, ಹೆವಿವೇಟ್ ಇತಿಹಾಸದ ಅತ್ಯುತ್ತಮ ಜ್ಯಾಬ್‌ಗಳ ಸಾಲಿನಲ್ಲಿ ಅದಕ್ಕೂ ಜಾಗವಿದೆ. 1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ಚಾಂಪಿಯನ್ ಹೋಮ್ಸ್ ಎದುರು 38ರ ಅಲಿ ನಿಂತ. ಕೂದಲಿಗೆ ಕಪ್ಪು ಹಚ್ಚಿ, ತೂಕ ಇಳಿಸಿ, ಹಳೆಯ ಅಲಿಯಂತೆಯೇ ಕಾಣುತ್ತಿದ್ದ. ಗಂಟೆ ಬಾರಿಸಿದ ಮೇಲೆ ಆ ಅಲಿ ಎಲ್ಲೂ ಕಾಣಲಿಲ್ಲ. ಹತ್ತು ಸುತ್ತುಗಳಲ್ಲಿ ಒಂದನ್ನೂ ಯಾವ ತೀರ್ಪುಗಾರನೂ ಅವನಿಗೆ ಕೊಡಲಿಲ್ಲ. ಹೋಮ್ಸ್ ಹೊಡೆಯುತ್ತ ಹೊಡೆಯುತ್ತಲೇ ರೆಫರಿಯತ್ತ ನೋಡುತ್ತಿದ್ದ, ನಿಲ್ಲಿಸಬಾರದೇ ಎಂಬಂತೆ. ಕೊನೆಗೆ ಪಂದ್ಯ ನಿಲ್ಲಿಸಿದ್ದು ಅಲಿಯ ಮೂಲೆಯಲ್ಲಿದ್ದ ಏಂಜಲೊ ಡಂಡಿ. ಗೆದ್ದ ಹೋಮ್ಸ್ ಕಣ್ಣೊರೆಸಿಕೊಂಡ. ಅವನಿಗೆ ಆ ರಾತ್ರಿ ಸಿಕ್ಕ ದೊಡ್ಡ ಸಂಭಾವನೆ ಸರಿಯೇ, ಹೊಗಳಿಕೆ ಮಾತ್ರ ಸಿಗಲಿಲ್ಲ. ಮುದುಕನನ್ನು ಹೊಡೆದವನು ಎಂಬ ಮಾತೇ ಬಹುಕಾಲ ಬೆನ್ನು ಹತ್ತಿತು.

ಎಂಟು ವರ್ಷದಲ್ಲಿ ಚಕ್ರ ತಿರುಗಿತು. 1988ರ ಜನವರಿಯಲ್ಲಿ, ನಿವೃತ್ತಿ ಮುರಿದು ಬಂದ 38ರ ಹೋಮ್ಸ್‌ನನ್ನು 21ರ ಮೈಕ್ ಟೈಸನ್ ನಾಲ್ಕನೇ ಸುತ್ತಿನಲ್ಲಿ ಮೂರು ಬಾರಿ ಕೆಡವಿದ. 75 ಕಾದಾಟಗಳ ತನ್ನ ಬಾಳಿನಲ್ಲಿ ಹೋಮ್ಸ್ ನಾಕೌಟ್ ಆದದ್ದು ಅದೊಂದೇ ಸಲ. ಅಲ್ಲಿಗೆ ಅವನ ಕಥೆ ಮುಗಿಯಿತು ಎಂದರು.

ಮುಗಿದಿರಲಿಲ್ಲ. 1992ರ ಫೆಬ್ರುವರಿಯಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ರೇ ಮರ್ಸರ್‌ನ ಪಾಳಯ 42ರ ಹೋಮ್ಸ್‌ನನ್ನು ಕರೆಸಿತು. ಮರ್ಸರ್ 1988ರ ಸೋಲ್ ಒಲಿಂಪಿಕ್ಸ್‌ನ ಚಿನ್ನದ ಹುಡುಗ, ವೃತ್ತಿಪರನಾಗಿ ಸೋಲರಿಯದವನು, ಬಿದ್ದರೆ ಏಳಲಾಗದಂಥ ಪೆಟ್ಟು ಕೊಡುವವನು. ದಾಖಲೆಗೊಂದು ಚಂದದ ಹೆಸರು ಸೇರಿಸಲು ಏರ್ಪಟ್ಟ ಪಂದ್ಯವದು. ಹೋಮ್ಸ್ ಹಗ್ಗಕ್ಕೆ ಒರಗಿ ನಿಂತು ಮರ್ಸರ್‌ನ ಗುದ್ದುಗಳನ್ನು ತೋಳು, ಭುಜ, ಗ್ಲೌಸ್‌ಗಳ ಮೇಲೆ ಹಿಡಿಯುತ್ತ, ಸಂದಿ ಸಿಕ್ಕಾಗಲೆಲ್ಲ ಬಲಗೈ ಕೊಡುತ್ತ ಹೋದ. ಹನ್ನೆರಡು ಸುತ್ತು ಮುಗಿದಾಗ ಮೂವರೂ ತೀರ್ಪುಗಾರರು ಹೋಮ್ಸ್ ಗೆದ್ದನೆಂದರು. ಜ್ಯಾಬ್ ಎಂದರೇನು, ಎದುರಾಳಿಯನ್ನು ಸಾಲಾಗಿ ನಿಲ್ಲಿಸಿಕೊಳ್ಳುವುದು ಹೇಗೆ ಎಂಬುದು ಮರ್ಸರ್‌ಗೆ ಅದಕ್ಕೂ ಮುನ್ನ ಯಾರೂ ಕೇಳದೇ ಬಿಟ್ಟಿದ್ದ ಪ್ರಶ್ನೆ.

ಮಾಸಿದ ಹಿರಿಯನೆಂದು ಕರೆತಂದು ಕೈ ಸುಟ್ಟುಕೊಂಡವರ ಪಟ್ಟಿ ಹೋಮ್ಸ್‌ಗೇ ನಿಲ್ಲುವುದಿಲ್ಲ. 1994ರಲ್ಲಿ 45ರ ಜಾರ್ಜ್ ಫೋರ್‌ಮನ್ ಚಾಂಪಿಯನ್ ಮೈಕಲ್ ಮೂರರ್‌ನಿಂದ ಒಂಬತ್ತು ಸುತ್ತು ಹೊಡೆಸಿಕೊಂಡು ಹತ್ತನೇ ಸುತ್ತಿನಲ್ಲಿ ಅವನನ್ನು ಮಲಗಿಸಿದ. 2008ರಲ್ಲಿ 43ರ ಬರ್ನಾರ್ಡ್ ಹಾಪ್ಕಿನ್ಸ್, 34 ಕಾದಾಟಗಳಲ್ಲಿ ಒಮ್ಮೆಯೂ ಸೋಲದ ಕೆಲ್ಲಿ ಪಾವ್ಲಿಕ್‌ಗೆ ಇಡೀ ರಾತ್ರಿ ಪಾಠ ಹೇಳಿದ. 2019ರಲ್ಲಿ ಜಪಾನಿನ ಸೈತಾಮಾದಲ್ಲಿ ನಾವೊಯ ಇನೌವೆ ಗೆದ್ದನಾದರೂ 36ರ ನೊನಿಟೊ ಡೊನೈರ್‌ನ ಎಡಗೈ ಹುಕ್ ಅವನ ಕಣ್ಣುಗೂಡಿನ ಮೂಳೆ ಮುರಿದಿತ್ತು. ಇನೌವೆಯ ವೃತ್ತಿಜೀವನದ ಅತ್ಯಂತ ಉಪಯುಕ್ತ ಪಂದ್ಯ ಯಾವುದೆಂದರೆ ನಾನು ಅದನ್ನೇ ಹೆಸರಿಸುತ್ತೇನೆ. ಒಂದೇ ಕಣ್ಣಿನಲ್ಲಿ ಸರಿಯಾಗಿ ನೋಡುತ್ತ ಹನ್ನೆರಡು ಸುತ್ತು ಉಳಿಯಬಲ್ಲೆ ಎಂಬುದು ಅವನಿಗೂ ಅಲ್ಲಿಯವರೆಗೆ ಗೊತ್ತಿರಲಿಕ್ಕಿಲ್ಲ.

ಹಾಗಾದರೆ ಎಲ್ಲರನ್ನೂ ಮೊದಲ ದಿನದಿಂದಲೇ ಘಟಾನುಘಟಿಗಳ ಎದುರು ಬಿಡಬೇಕೇ? ಅದನ್ನೂ ಮಾಡಿ ನೋಡಿದ್ದಾರೆ. 1956ರ ಒಲಿಂಪಿಕ್ ಚಾಂಪಿಯನ್ ಪೀಟ್ ರೇಡ್‌ಮೇಕರ್ 1957ರ ಆಗಸ್ಟ್‌ನಲ್ಲಿ ಸಿಯಾಟಲ್‌ನಲ್ಲಿ ತನ್ನ ಮೊಟ್ಟಮೊದಲ ವೃತ್ತಿಪರ ಕಾದಾಟವನ್ನೇ ಫ್ಲಾಯ್ಡ್ ಪ್ಯಾಟರ್ಸನ್ ಎದುರು ವಿಶ್ವ ಪಟ್ಟಕ್ಕೆ ಆಡಿದ. ಎರಡನೇ ಸುತ್ತಿನಲ್ಲಿ ಚಾಂಪಿಯನ್‌ನನ್ನೇ ಕೆಡವಿ ಊರನ್ನು ಎಬ್ಬಿಸಿ ಕೂರಿಸಿದ. ಆಮೇಲೆ ಪದೇ ಪದೇ ನೆಲಕ್ಕುರುಳಿ ಆರನೇ ಸುತ್ತಿನಲ್ಲಿ ಮುಗಿದ. ಲಿಯಾನ್ ಸ್ಪಿಂಕ್ಸ್ ಕಥೆ ಇನ್ನೂ ವಿಚಿತ್ರ. 1978ರ ಫೆಬ್ರುವರಿಯಲ್ಲಿ ತನ್ನ ಎಂಟನೇ ಕಾದಾಟದಲ್ಲೇ ಅಲಿಯನ್ನು ಸೋಲಿಸಿಬಿಟ್ಟ. ಸುಲಭದ ತುತ್ತೆಂದು ಅವನನ್ನು ಆರಿಸಿಕೊಂಡದ್ದು ಅಲಿಯ ಕಡೆಯವರು. ಪಟ್ಟ ಏಳೇ ತಿಂಗಳು ಸ್ಪಿಂಕ್ಸ್ ಬಳಿ ಉಳಿಯಿತು. ಮರುಪಂದ್ಯದಲ್ಲಿ ಅಲಿ ಅದನ್ನು ವಾಪಸ್ ಪಡೆದ, ಮರುವರ್ಷ ಗೆರಿ ಕೂಟ್ಸಿಯಾ ಸ್ಪಿಂಕ್ಸ್‌ನನ್ನು ಮೊದಲ ಸುತ್ತಿನಲ್ಲೇ ಕೆಡವಿದ. ಮೇಲೇರುವ ಮೆಟ್ಟಿಲುಗಳನ್ನೆಲ್ಲ ಹಾರಿ ಹೋದವನಿಗೆ ಇಳಿಯುವಾಗ ಕಾಲಿಡಲು ಒಂದೂ ಇರಲಿಲ್ಲ.

ಉಕ್ರೇನಿನ ವಾಸಿಲ್ ಲೊಮಚೆಂಕೊ ಅಪವಾದ ಎನ್ನುತ್ತಾರೆ. ಎರಡು ಒಲಿಂಪಿಕ್ ಚಿನ್ನ, ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಒಂದೇ ಸೋಲು. 2014ರ ಮಾರ್ಚ್‌ನಲ್ಲಿ ಎರಡನೇ ವೃತ್ತಿಪರ ಕಾದಾಟದಲ್ಲೇ ವಿಶ್ವ ಪಟ್ಟಕ್ಕೆ ಕೈ ಹಾಕಿದ. ಎದುರಿಗಿದ್ದವನು ಮೆಕ್ಸಿಕೊದ ಒರ್ಲಾಂಡೊ ಸಲಿಡೊ. ಹದಿಹರೆಯದಲ್ಲೇ ರಿಂಗಿಗಿಳಿದು, ಅಷ್ಟರಲ್ಲಾಗಲೇ ಹನ್ನೆರಡು ಬಾರಿ ಸೋತಿದ್ದ ಹಳೇ ಹುಲಿ. ಸಲಿಡೊ ತೂಕ ಮೀರಿ ಬಂದ, ತಕ್ಕಡಿಯ ಮೇಲೇ ಪಟ್ಟ ಕಳೆದುಕೊಂಡ, ಆದರೂ ಪಂದ್ಯ ನಡೆಯಿತು. ಸೊಂಟದ ಕೆಳಗೆ ಹೊಡೆದ, ಮೈಗೆ ಮೈ ಒತ್ತಿ ನಿಂತ, ತಬ್ಬಿಕೊಂಡ, ರೆಫರಿಯ ಕಣ್ಣು ತಪ್ಪಿಸಿ ಮಾಡಬಹುದಾದ್ದನ್ನೆಲ್ಲ ಮಾಡಿದ. ಒಲಿಂಪಿಕ್ಸ್‌ನ ಮೂರು ಸುತ್ತುಗಳಲ್ಲಿ ಇಂಥದ್ದು ಎದುರಾಗುವುದಿಲ್ಲ. ಲೊಮಚೆಂಕೊ ಕೊನೆಯ ಸುತ್ತುಗಳಲ್ಲಿ ಚೇತರಿಸಿಕೊಂಡರೂ ತೀರ್ಪು ಸಲಿಡೊ ಪರ ಹೋಯಿತು. ಮೂರು ತಿಂಗಳ ನಂತರ, ಮೂರನೇ ಕಾದಾಟದಲ್ಲಿ, ಗ್ಯಾರಿ ರಸಲ್ ಜೂನಿಯರ್‌ನನ್ನು ಮಣಿಸಿ ಲೊಮಚೆಂಕೊ ಚಾಂಪಿಯನ್ ಆದ.

ಸಲಿಡೊ ಯಾವ ಗುಂಪಿಗೆ ಸೇರಿದವನು? ಹಿರಿಯನೇ, ಮೈಮೇಲೆ ಗಾಯದ ಗುರುತುಗಳಿದ್ದವನೇ, ಆದರೆ ಮಾಸಿದವನಲ್ಲ. ಹಾಗೆಂದು ಮೊದಲ ಪಂಕ್ತಿಯ ತಾರೆಯೂ ಅಲ್ಲ. ಈ ಚರ್ಚೆಯಲ್ಲಿ ನನಗೆ ಬಹಳ ಮುಖ್ಯನಾಗಿ ಕಾಣುವವನು ಇಂಥವನು. ಹಿರಿಯನೋ, ಅಗ್ರಗಣ್ಯನೋ ಎಂದು ಎರಡೇ ಬಾಗಿಲು ತೆರೆದಿಟ್ಟು ವಾದಿಸುವವರು ನಡುವಿನ ದೊಡ್ಡ ಪಡಸಾಲೆಯನ್ನೇ ಮರೆಯುತ್ತಾರೆ. ಒಳ್ಳೆಯ ಬಾಕ್ಸರ್‌ಗಳು ತಯಾರಾಗಿರುವುದೆಲ್ಲ ಅಲ್ಲಿ.

ಟೈಸನ್‌ನನ್ನೇ ತೆಗೆದುಕೊಳ್ಳಿ. 1985ರ ಮಾರ್ಚ್‌ನಲ್ಲಿ ವೃತ್ತಿಪರನಾದ ಹುಡುಗ ಅದೇ ವರ್ಷ ಹದಿನೈದು ಸಲ ಕಾದಾಡಿದ. ಬಹುತೇಕ ಎದುರಾಳಿಗಳು ಬೀಳಲೆಂದೇ ಬಂದವರು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ 1986ರ ಮೇ ತಿಂಗಳಲ್ಲಿ ಅವನ ಮ್ಯಾನೇಜರ್‌ಗಳು ಜೇಮ್ಸ್ ಟಿಲಿಸ್‌ನನ್ನು ತಂದರು. ಟಿಲಿಸ್ 1981ರಲ್ಲಿ ವಿಶ್ವ ಪಟ್ಟಕ್ಕೆ ಆಡಿ ಸೋತಿದ್ದವನು. ಚಾಂಪಿಯನ್ ಆಗುವ ಕಾಲ ಕಳೆದಿತ್ತು, ಚಾಂಪಿಯನ್ ಆಗಲಿರುವವನನ್ನು ಪರೀಕ್ಷಿಸುವಷ್ಟು ಕಾಲು, ಕಣ್ಣು ಚುರುಕಾಗಿದ್ದವು. ಟೈಸನ್‌ನನ್ನು ಹತ್ತು ಸುತ್ತು ಓಡಿಸಿದ ಮೊದಲಿಗ ಅವನೇ. ಆರು ತಿಂಗಳ ನಂತರ, ನವೆಂಬರ್ 22ರಂದು, ಟ್ರೆವರ್ ಬರ್ಬಿಕ್‌ನನ್ನು ಎರಡನೇ ಸುತ್ತಿನಲ್ಲಿ ಉರುಳಿಸಿ ಟೈಸನ್ ಇಪ್ಪತ್ತನೇ ವಯಸ್ಸಿಗೆ ಹೆವಿವೇಟ್ ಚಾಂಪಿಯನ್ ಆದ.

ಮೆಕ್ಸಿಕೊದ ಕನೆಲೊ ಅಲ್ವಾರೆಸ್‌ನದು ಇದೇ ಕ್ರಮದ ಇನ್ನೂ ಚೆನ್ನಾದ ನಿದರ್ಶನ. ಹದಿನೈದಕ್ಕೇ ವೃತ್ತಿಪರನಾದ ಅವನಿಗೆ 2012ರಲ್ಲಿ 40ರ ಶೇನ್ ಮೋಸ್ಲಿ ಸಿಕ್ಕ. ಅದು ಪೋಸ್ಟರಿಗಾಗಿ ಮಾಡಿದ ಜೋಡಿಯೇ. ಮರುವರ್ಷ ಏಪ್ರಿಲ್‌ನಲ್ಲಿ ಸಿಕ್ಕಿದ್ದು ಆಸ್ಟಿನ್ ಟ್ರೌಟ್. ಎಡಗೈ ಆಟಗಾರ, ಸೋಲರಿಯದವನು, ಹೆಸರು ಅಷ್ಟಕ್ಕಷ್ಟೇ. ಇಂಥವನನ್ನು ತಾರೆಯರು ದೂರವೇ ಇಡುತ್ತಾರೆ: ಗೆದ್ದರೆ ಲಾಭ ಕಡಿಮೆ, ಸೋಲುವ ಸಂಭವ ಹೆಚ್ಚು. ಕನೆಲೊ ಆಡಿ ಗೆದ್ದ. ಅದೇ ಸೆಪ್ಟೆಂಬರ್‌ನಲ್ಲಿ 23ರ ಕನೆಲೊ ಫ್ಲಾಯ್ಡ್ ಮೇವೆದರ್ ಎದುರು ಸೋತ. ಒಬ್ಬ ತೀರ್ಪುಗಾರ್ತಿ ಸಮ ಎಂದರೂ ಆ ರಾತ್ರಿ ನೋಡಿದ ಯಾರಿಗೂ ಅನುಮಾನ ಉಳಿದಿರಲಿಲ್ಲ. 43 ಕಾದಾಟಗಳಲ್ಲಿ ಕಾಪಾಡಿಕೊಂಡ ಸೊನ್ನೆ ಹೋಯಿತು. ಆಮೇಲಿನ ಕನೆಲೊ ತಲೆ ಆಡಿಸಿ ಗುದ್ದು ತಪ್ಪಿಸುವುದನ್ನು, ಬೀಸುವ ಮುನ್ನ ಕಾಯುವುದನ್ನು ಕಲಿತ ಬೇರೆಯೇ ಬಾಕ್ಸರ್. ಸೋತ ಹತ್ತು ತಿಂಗಳಿಗೆ ಯಾರಿಗೂ ಬೇಡವಾಗಿದ್ದ ಕ್ಯೂಬಾದ ಎರಿಸ್ಲಾಂಡಿ ಲಾರಾನೊಡನೆ ಆಡಿದ, ಕೂದಲೆಳೆಯಲ್ಲಿ ಗೆದ್ದ. 2021ರಲ್ಲಿ ತನ್ನ ತೂಕದ ನಾಲ್ಕೂ ಪಟ್ಟ ಅವನ ಬಳಿಯಿದ್ದವು.

ಇದಕ್ಕೆ ಎದುರಾಗಿ ಡಿಯೊಂಟೆ ವೈಲ್ಡರ್‌ನನ್ನು ಇಟ್ಟು ನೋಡಬಹುದು. ಸತತ 32 ಕಾದಾಟ, 32 ನಾಕೌಟ್. ಅವುಗಳಲ್ಲಿ 2013ರಲ್ಲಿ ಮಲಗಿಸಿದ 41ರ ಆಡ್ಲಿ ಹ್ಯಾರಿಸನ್ ಇದ್ದಾನೆ, ಅದೇ ವರ್ಷ ಮೊದಲ ಸುತ್ತಿನಲ್ಲೇ ನೆಲದ ಮೇಲೆ ಕೈಕಾಲು ನಡುಗಿಸುತ್ತ ಬಿದ್ದ ಸಿಯಾರ್ಹೈ ಲಿಯಾಖೊವಿಚ್ ಇದ್ದಾನೆ. ಒಬ್ಬ ಮಾಜಿ ಒಲಿಂಪಿಕ್ ಚಾಂಪಿಯನ್, ಇನ್ನೊಬ್ಬ ಮಾಜಿ ವಿಶ್ವ ಚಾಂಪಿಯನ್. ತಡವಾಗಿ ಗ್ಲೌಸ್ ತೊಟ್ಟ ವೈಲ್ಡರ್‌ನನ್ನು ನಿಧಾನಕ್ಕೆ ಬೆಳೆಸಿದ್ದು ತಪ್ಪಲ್ಲ, ಪಟ್ಟವನ್ನೂ ಗೆದ್ದು ಹಲವು ವರ್ಷ ಉಳಿಸಿಕೊಂಡ. ಆದರೆ ಬಲಗೈ ಬಿಟ್ಟು ಇನ್ನೊಂದು ಉಪಾಯ ಬೇಕಾದ ದಿನ ಅವನಿಗೆ ಬಂದದ್ದು ಟೈಸನ್ ಫ್ಯೂರಿ ಎದುರಿಗಿದ್ದಾಗ. 2020ರ ಫೆಬ್ರುವರಿಯಲ್ಲಿ ಏಳನೇ ಸುತ್ತಿನಲ್ಲಿ ಅವನ ಮೂಲೆಯವರು ಟವೆಲ್ ಎಸೆದರು.

ಇಷ್ಟು ಹೊತ್ತು ಹುಡುಗನ ಲಾಭನಷ್ಟವನ್ನೇ ಲೆಕ್ಕ ಹಾಕಿದೆವು. ಎದುರು ಮೂಲೆಯಲ್ಲೂ ಒಬ್ಬ ಮನುಷ್ಯನಿದ್ದಾನೆ. ಗುದ್ದು ತಿಂದು ತಿಂದು ಮಿದುಳು ಹಾಳಾಗುವುದನ್ನು ವೈದ್ಯ ಹ್ಯಾರಿಸನ್ ಮಾರ್ಟ್‌ಲಂಡ್ 1928ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದ. ಜೆರ್ರಿ ಕ್ವಾರಿ ಎಂಬ ಹೆವಿವೇಟ್ ಅಲಿಯೊಂದಿಗೆ, ಫ್ರೇಜಿಯರ್‌ನೊಂದಿಗೆ ಕಾದಿದ ಜನಪ್ರಿಯ ಆಟಗಾರ. 1992ರಲ್ಲಿ, 47ರ ವಯಸ್ಸಿನಲ್ಲಿ, ಮಾತು ತೊದಲುತ್ತಿದ್ದರೂ ಕೊಲರಾಡೊದಲ್ಲಿ ಮತ್ತೆ ರಿಂಗಿಗಿಳಿದ. ಆರು ಸುತ್ತು ಹೊಡೆಸಿಕೊಂಡದ್ದಕ್ಕೆ ಕೈಗೆ ಬಂದದ್ದು 1,050 ಡಾಲರ್. ಕೊನೆಯ ವರ್ಷಗಳಲ್ಲಿ ಬಟ್ಟೆ ತೊಡಲೂ ಮನೆಯವರ ನೆರವು ಬೇಕಿತ್ತು. 1999ರಲ್ಲಿ 53ಕ್ಕೆ ತೀರಿಕೊಂಡ. ಹಳೆಯ ಹೆಸರುಗಳನ್ನು ಹುಡುಗರ ದಾಖಲೆಗೆ ಮೇವಾಗಿ ಹಾಕುವವರು ಈ ಬಿಲ್ಲನ್ನು ಯಾರ ಲೆಕ್ಕಕ್ಕೂ ಬರೆಯುವುದಿಲ್ಲ. 2024ರ ನವೆಂಬರ್‌ನಲ್ಲಿ ಟೆಕ್ಸಸ್‌ನ ಕ್ರೀಡಾಂಗಣದಲ್ಲಿ 58ರ ಟೈಸನ್‌ನನ್ನು 27ರ ಜೇಕ್ ಪಾಲ್ ಎದುರು ನಿಲ್ಲಿಸಿ ನೆಟ್‌ಫ್ಲಿಕ್ಸ್ ಲೋಕಕ್ಕೆಲ್ಲ ತೋರಿಸಿತಲ್ಲ, ಅದರ ಬಗ್ಗೆ ಹೇಳಲು ನನಗೆ ಹೆಚ್ಚೇನಿಲ್ಲ. ಅದನ್ನೂ ಅಧಿಕೃತ ದಾಖಲೆಗೆ ಸೇರುವ ವೃತ್ತಿಪರ ಪಂದ್ಯವೆಂದು ಮಂಜೂರು ಮಾಡಿದ್ದು ನಾಚಿಕೆಗೇಡು.

ಹಿರಿಯರಿಂದ ಕಲಿಯಲೇಬೇಕೆಂದರೆ ಕಲಿಸುವ ಹಿರಿಯರು ಬೇರೆಯೇ ಇದ್ದಾರೆ. ಬರ್ಮಿಂಗ್‌ಹ್ಯಾಮ್‌ನ ಪೀಟರ್ ಬಕ್ಲಿ 300 ಕಾದಾಟ ಆಡಿ 2008ರಲ್ಲಿ ಕೈ ತೊಳೆದುಕೊಂಡ. 32 ಗೆಲುವು, 12 ಸಮ, 256 ಸೋಲು. ಮುಂದೆ ವಿಶ್ವ ಚಾಂಪಿಯನ್ ಆದ ನಸೀಮ್ ಹಮೀದ್ ಸೇರಿ ಎಷ್ಟೋ ಹುಡುಗರು ಅವನ ಕೈಕೆಳಗೆ ಹಾದುಹೋದವರು. ಸೋಲುವುದೇ ಅವನ ಕಸುಬು, ಆದರೆ ಪೆಟ್ಟು ತಿನ್ನದೆ ಸೋಲುವುದನ್ನು ಬಲ್ಲವನು. ಎದುರಿಗಿರುವ ಹುಡುಗನಿಗೆ ತಪ್ಪು ಮಾಡಲು ಬಿಟ್ಟು, ಆ ತಪ್ಪಿಗೆ ಹಗುರವಾಗಿ ದಂಡ ವಿಧಿಸಿ, ಮುಂದಿನ ವಾರ ಇನ್ನೊಂದು ಊರಿಗೆ ಹೋಗುತ್ತಿದ್ದ. ಅಂಥವನೊಡನೆ ಆಡಿದ ಆರು ಸುತ್ತು, ಹೆಸರಾಂತ ಮುದುಕನನ್ನು ಎರಡು ನಿಮಿಷದಲ್ಲಿ ಮಲಗಿಸುವುದಕ್ಕಿಂತ ಎಷ್ಟೋ ಮೇಲು.

ಭಾರತಕ್ಕೆ ಈ ಪ್ರಶ್ನೆ ಈಗ ಹೊರಗಿನದಲ್ಲ. ವಿಜೇಂದರ್ 2015ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ವೃತ್ತಿಪರನಾದಾಗ ಮೂವತ್ತರ ಹೊಸ್ತಿಲಲ್ಲಿದ್ದ. ನಿಧಾನಕ್ಕೆ ಬೆಳೆಸಲು ಸಮಯವೇ ಇರಲಿಲ್ಲ. ಮರುವರ್ಷ ದೆಹಲಿಯಲ್ಲಿ ಕೆರ್ರಿ ಹೋಪ್ ಎದುರು ಹತ್ತು ಸುತ್ತು ಆಡಿ ಏಷ್ಯಾ ಪೆಸಿಫಿಕ್ ಪಟ್ಟ ಗೆದ್ದದ್ದು ಒಳ್ಳೆಯ ಹೆಜ್ಜೆ. ಅಲ್ಲಿಂದ ಮುಂದಿನ ಮೆಟ್ಟಿಲು ಹತ್ತಬೇಕಿತ್ತು. ಸಿಕ್ಕಿದ್ದು ಫ್ರಾನ್ಸಿಸ್ ಚೆಕಾನಂಥ ಮಾತಿನಮಲ್ಲರು, ದಾಖಲೆ ಉದ್ದವಿದ್ದು ದಮ್ಮು ಕಡಿಮೆಯಿದ್ದವರು. 2021ರ ಮಾರ್ಚ್‌ನಲ್ಲಿ ಗೋವಾದ ಕ್ಯಾಸಿನೊ ಹಡಗಿನ ಮೇಲೆ ಬೆರಳೆಣಿಕೆಯಷ್ಟೇ ಕಾದಾಟ ಆಡಿದ್ದ ರಷ್ಯಾದ ಆರ್ತಿಷ್ ಲೊಪ್ಸಾನ್ ಐದನೇ ಸುತ್ತಿನಲ್ಲಿ ಅವನನ್ನು ಸೋಲಿಸಿದ. ಎತ್ತರದ, ಗಟ್ಟಿಮುಟ್ಟಾದ, ಹೆಸರಿಲ್ಲದ ಹುಡುಗ. ಪೋಸ್ಟರ್ ನೋಡಿದವರಾರೂ ಅವನನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ.

ಹರಿಯಾಣದ ಇನ್ನೊಬ್ಬ ಹುಡುಗ ನಿಶಾಂತ್ ದೇವ್ 2025ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ವೃತ್ತಿಪರನಾಗಿ ಮೊದಲ ಕಾದಾಟವನ್ನು ಮೊದಲ ಸುತ್ತಿನಲ್ಲೇ ಗೆದ್ದಿದ್ದಾನೆ. ಅವನ ಹಿಂದೆ ಇನ್ನಷ್ಟು ಮಂದಿ ಬರಲಿದ್ದಾರೆ. ಅವರ ಗೆಲುವಿನ ಸುದ್ದಿ ಓದುವಾಗ 'ಮಾಜಿ ಚಾಂಪಿಯನ್ ವಿರುದ್ಧ' ಎಂಬ ಪದಗಳಿಗೆ ಮರುಳಾಗಬೇಡಿ. ಎದುರಾಳಿ ಕಳೆದ ಎರಡು ವರ್ಷಗಳಲ್ಲಿ ಯಾರೊಡನೆ ಆಡಿದ್ದಾನೆ, ಎಷ್ಟು ಸಲ ನಾಕೌಟ್ ಆಗಿದ್ದಾನೆ ಎಂಬುದನ್ನು ನೋಡಿ. ಅವನ ವಯಸ್ಸು, ಪಟ್ಟಗಳನ್ನು ಆಮೇಲೆ ನೋಡಿದರಾಯಿತು.